ಭರಣಿ ಮಳೆಗೆ ಬಿತ್ತಿದ ಅವರೆ

ತುಮಕೂರಿನ ಬಾಡಿಗೆ ಮನೆಯಲ್ಲಿದ್ದಾಗ ನನ್ನ ಬೇಸಾಯವೆಲ್ಲ ತಾರಸಿಯ ಮೇಲೆ, ಒಡೆದ ಬಕೆಟ್‌ಗಳಲ್ಲಿ ನಡೆಯುತ್ತಿತ್ತು. ಮನೆಯ ಓನರ್‌ ತಿಂಗಳಿಗೊಮ್ಮೆ ಮೇಲೆ ಹತ್ತಿ ಬಂದು, "ಮೇಡಂ, ನಿಮ್ಮ ಗಿಡದಿಂದ ತಾರಸಿ ಸೋರ್ತಾ ಇದೆ" ಅನ್ನುತ್ತಿದ್ದರು. ಸೋರುತ್ತಿದ್ದುದು ಅವರ ನೀರಿನ ಟ್ಯಾಂಕು. ಹೇಳಿದರೆ ಕೇಳುವ ಆಸಾಮಿಯಲ್ಲ. ಒಂದು ಸಂಜೆ ನಾನು ಶಾಲೆಯ ಆಫೀಸು ಕೆಲಸ ಮುಗಿಸಿ ಬರುವಷ್ಟರಲ್ಲಿ, ಕಾಯಿ ಕಚ್ಚಿದ್ದ ನನ್ನ ಟೊಮೆಟೊ ಗಿಡಗಳನ್ನು ಬಕೆಟ್ ಸಮೇತ ಗೇಟಿನ ಹೊರಗೆ ಇಡಿಸಿದ್ದರು. ಹಸುವೊಂದು ನಿಂತು ನಿಧಾನವಾಗಿ ಮೇಯುತ್ತಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳಗೆ ಬಂದವಳೇ ಗಂಡನಿಗೆ ಹೇಳಿದೆ: "ರೀ, ಸಾಕು. ಕಡಬಕ್ಕೆ ಹೋಗೋಣ, ಹೊಲಕ್ಕೆ."

ಗಂಡ ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟರು. ನನ್ನ ತವರೂರು ಕಡಬದಿಂದಲೇ ಗುಬ್ಬಿ ಹತ್ತಿರ. ಹಾಗಾಗಿ ಅವರು ಬೇಡವೆನ್ನಲು ಕಾರಣ ಹುಡುಕಿದರು, ಸಿಗಲಿಲ್ಲ.

ಹೊಲ ಅಪ್ಪನದು. ಅವರು ಹೋದ ಮೇಲೆ ಅಣ್ಣನೇ ಮುಂದೆ ನಿಂತು, ಕೆರೆಯ ಕಡೆಯ ಒಂದು ತುಂಡನ್ನು ನನ್ನ ಹೆಸರಿಗೆ ಮಾಡಿಸಿದ್ದ. ಒಂದಷ್ಟು ತೆಂಗಿನ ಮರ, ಬದುವಿನಲ್ಲಿ ಒಂದು ಹುಣಸೆ ಮರ, ಒಂದು ಬೋರು, ಪಂಪ್‌ಸೆಟ್ ಮನೆ. ಅಣ್ಣ ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಹೊಲವನ್ನು ಊರಿನವರಿಗೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಕೊಟ್ಟು, ಬಂದ ಬೆಳೆಯಲ್ಲಿ ನನ್ನ ಭಾಗದ ರಾಗಿಯನ್ನು ವರ್ಷ ವರ್ಷ ತುಮಕೂರಿಗೆ ತಾನೇ ತಂದು ಇಳಿಸುತ್ತಿದ್ದ. ಒಳ್ಳೆಯವನೇ. ಆದರೆ ಪತ್ರದಲ್ಲಿ ನನ್ನ ಹೆಸರಿದ್ದರೂ ಅವನ ಬಾಯಲ್ಲಿ ಅದು ಯಾವತ್ತೂ 'ಅಪ್ಪನ ಹೊಲ'. 'ನಿನ್ನ ಹೊಲ' ಎಂದು ಒಂದು ಸಲವೂ ಅಂದವನಲ್ಲ. ನಾನು ಅಲ್ಲೇ ಹೋಗಿ ಇರುತ್ತೇನೆ ಅಂದಾಗ ಅವನು ನಕ್ಕುಬಿಟ್ಟ.

"ಫೋನಲ್ಲಿ ವಿಡಿಯೋ ನೋಡ್ಕೊಂಡು ಬೇಸಾಯ ಮಾಡೋಕಾಗಲ್ಲ ಕಣೇ. ಆಳಿನ ಕೈಲಿ ಮಾಡಿಸ್ತೀಯಾ, ಅಂಗಡಿಯಿಂದ ತಂದು ತಿಂತೀಯಾ. ಅಷ್ಟಕ್ಕೆ ಅಪ್ಪನ ಹೊಲ ಯಾಕೆ ಹಾಳು ಮಾಡ್ತೀಯಾ?"

"ನೀನೇ ಹೇಳು, ಏನು ಮಾಡಿ ತೋರಿಸ್ಲಿ?"

ಅಣ್ಣ ಷರತ್ತು ಹಾಕಿದ. "ಸಂಕ್ರಾಂತಿಗೆ ನಾನೂ ನಿಮ್ಮತ್ತಿಗೇನೂ ಬರ್ತೀವಿ. ಮುದ್ದೆ, ಅವರೆಕಾಳು ಸಾರು ಹಾಕು. ಉಪ್ಪೊಂದು ಬಿಟ್ಟು ಬೇರೆ ಯಾವುದೂ ಅಂಗಡಿದಾಗಿರಬಾರದು. ಆಗ ನೀನು ಗೆದ್ದೆ, ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಸುಮ್ನೆ ತುಮಕೂರಿಗೆ ವಾಪಸ್ ಹೋಗು. ಹೊಲ ಮೊದ್ಲಿನ ಹಂಗೆ ವಾರಕ್ಕೆ."

ಆಯಿತು ಅಂದೆ. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಗಂಡ ಕುಣಿಗಲ್‌ನಿಂದ ಮರಳುವ ದಾರಿಯುದ್ದಕ್ಕೂ ಬೈದರು.

ಯುಗಾದಿ ಕಳೆದ ಮೇಲೆ ಪಂಪ್‌ಸೆಟ್ ಮನೆಗೆ ಒಂದು ಶೀಟಿನ ಕೋಣೆ ಸೇರಿಸಿಕೊಂಡು ಹೋಗಿ ಸೇರಿದೆವು. ಒಂದು ಹಸು ಬಂತು. ಮೊದಲ ವಾರ ಅದು ನನ್ನನ್ನು ಹತ್ತಿರ ಸೇರಿಸಲಿಲ್ಲ, ಎರಡು ಸಲ ಹಾಲಿನ ಪಾತ್ರೆಯನ್ನು ಒದ್ದಿತು. ಆಮೇಲೆ ಅದಕ್ಕೂ ನನಗೂ ಒಂದು ಒಪ್ಪಂದವಾಯಿತು: ನಾನು ಮಾತಾಡುತ್ತಲೇ ಹಾಲು ಕರೆಯಬೇಕು, ಮಾತು ನಿಲ್ಲಿಸಿದರೆ ಒದೆ. ನನಗೆ ಮಾತಿಗೇನು ಬರ!

ಅಷ್ಟರಲ್ಲಿ, ಏಪ್ರಿಲ್ ಕೊನೆಗೆ, ಭರಣಿ ಮಳೆ ಹೊಡೆಯಿತು. ಚಿಕ್ಕಂದಿನಿಂದ ಕೇಳಿದ ಗಾದೆ: ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ. ಅಪ್ಪನ ಬಾಯಲ್ಲೂ ಕೇಳಿದ್ದೆ, ಅಜ್ಜಿಯ ಬಾಯಲ್ಲೂ ಕೇಳಿದ್ದೆ. ಇನ್ನೇನು ಬೇಕು? ಮಾರನೆಯ ಬೆಳಿಗ್ಗೆಯೇ ಸೀರೆ ಎತ್ತಿ ಕಟ್ಟಿ, ಬೇಲಿಯುದ್ದಕ್ಕೂ ಶೀಟಿನ ಮನೆಯ ಸುತ್ತಲೂ ಊರಿನ ನಾಟಿ ಅವರೆ ಬೀಜ ಊರಿದೆ. ಎಲ್ಲರಿಗಿಂತ ಮೊದಲು ಬಿತ್ತಿದರೆ ಎಲ್ಲರಿಗಿಂತ ಮೊದಲು ಕೊಯ್ಯಬಹುದಲ್ಲ! ಸಂಕ್ರಾಂತಿಯವರೆಗೆ ಯಾಕೆ, ಗೌರಿ ಹಬ್ಬಕ್ಕೇ ಅಣ್ಣನಿಗೆ ಸಾರು ಬಡಿಸಿ ಬಾಯಿ ಮುಚ್ಚಿಸಬೇಕು ಅಂತ ಲೆಕ್ಕ ಹಾಕಿದ್ದೆ. ಸಗಣಿ ಗೊಬ್ಬರ ಸುರಿದೆ, ಬೋರಿನ ನೀರು ಬಿಟ್ಟೆ.

ಬಳ್ಳಿ ಬಂತು ನೋಡಿ! ಬೇಲಿ ಹತ್ತಿತು, ಗೋಡೆ ಹತ್ತಿತು, ಶೀಟು ಮುಚ್ಚಿತು. ಗಂಡ ಒಗೆದು ಹಾಕಿದ ಪಂಚೆಯನ್ನೂ ಸುತ್ತಿಕೊಂಡಿತು. ಪಕ್ಕದ ಹೊಲದ ಅಜ್ಜಿ ಹುಲ್ಲಿನ ಹೊರೆ ಹೊತ್ತು ಹೋಗುವಾಗ ನಿಂತು, "ಏನವ್ವಾ, ಚಪ್ಪರ ಹಾಕ್ಸಿದೀಯ, ಮದ್ವೆ ಯಾರ್ದು?" ಅಂದಳು. ನಾನೂ ನಕ್ಕೆ. ಆಗ ನಗು ಬರುತ್ತಿತ್ತು.

ಆಷಾಢ ಕಳೆಯುವ ಹೊತ್ತಿಗೆ ಊರಿನವರೆಲ್ಲ ರಾಗಿ ಬಿತ್ತಿದರು. ನಾವೂ ಎತ್ತು, ಕೂರಿಗೆ ಬಾಡಿಗೆಗೆ ತಂದು ಬಿತ್ತಿದೆವು. ಇಲ್ಲಿಯ ಪದ್ಧತಿಯಂತೆ ಕೆಲವು ಸಾಲು ರಾಗಿಗೊಂದು ಅಕ್ಕಡಿ ಸಾಲು ಬಿಟ್ಟು, ಅದರಲ್ಲಿ ಅವರೆ, ಸಾಸಿವೆ ಹಾಕಿದೆವು. ಆ ಸಾಲಿನ ಕಡೆ ನಾನು ತಿರುಗಿಯೂ ನೋಡಲಿಲ್ಲ. ನನ್ನ ಕಣ್ಣೆಲ್ಲ ಚಪ್ಪರದ ಮೇಲೆ. ಅದರಲ್ಲಿ ಒಂದೂ ಹೂವಿಲ್ಲ.

ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ಹಿಡಿದು ಬಂದ. ಬಾಗಿನ ಕೊಡುವ ಮೊದಲೇ ತಲೆ ಎತ್ತಿ ಶೀಟು ನೋಡಿದ.

"ಯಾವಾಗ ಬಿತ್ತಿದೆ ಇದನ್ನ?"

"ಭರಣಿಗೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಭರಣಿಗೆ ಅವರೆ ಬಿತ್ತೋರು ಕಡಬದಲ್ಲಿ ನೀನೇ ಮೊದ್ಲು ಕಣೇ. ಇದು ಮೈ ಬೆಳೆಸ್ಕೊಂಡಿದೆ, ಇನ್ನು ಕಾಯಿ ಬಿಡಲ್ಲ. ಕಿತ್ತು ಹಸೂಗ್ ಹಾಕು. ಸಂಕ್ರಾಂತಿಗೆ ಸಂತೆದು ತಂದು ಹಾಕಿದ್ರೆ ನಂಗೆ ಗೊತ್ತಾಗ್ತದೆ, ಹೇಳಿರ್ತೀನಿ."

ಕುಣಿಗಲ್‌ಗೆ ಹೋದವನು ಅಂಗಡಿಗೆ ಬಂದವರಿಗೆಲ್ಲ ಹೇಳಿರಬೇಕು. ಒಂದು ಮದುವೆ ಮನೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, "ಭರಣಿಗೆ ಅವರೆ ಹಾಕಿದೋರು ನೀವೇನಾ?" ಅಂದಳು. ನಾನು ಊಟಕ್ಕೆ ಕೂರದೆ ಬಂದುಬಿಟ್ಟೆ.

ದೀಪಾವಳಿ ಹತ್ತಿರ ಬಂದರೂ ಎಲೆ, ಎಲೆ, ಬರೀ ಎಲೆ. ಬರುವವರು ಹೋಗುವವರು ಎಲ್ಲರದೂ ಒಂದೇ ಮಾತು, ಕಿತ್ತು ಹಾಕು. ಗಂಡ ಒಂದು ಭಾನುವಾರ ಕುಡುಗೋಲು ಮಸೆದುಕೊಂಡು ನಿಂತರು. ನಾನು ಅಡ್ಡ ನಿಂತೆ.

"ಅದನ್ನ ಮುಟ್ಟಿದ್ರೆ ನೋಡಿ!"

"ಏನಕ್ಕೆ ಇಟ್ಕೊಂಡಿದೀಯ ಹೇಳು."

ಕುಡುಗೋಲು ಕಿತ್ತುಕೊಂಡು ಒಳಗಿಟ್ಟೆ. ಮೊಂಡುತನ, ಅಷ್ಟೇ. ಗೇಟಿನ ಹೊರಗಿಟ್ಟ ಟೊಮೆಟೊ ಗಿಡ ಕಣ್ಣ ಮುಂದೆ ಬರುತ್ತಿತ್ತು. ಇನ್ನೊಂದು ಸಲ ನನ್ನ ಗಿಡ ಹಸುವಿನ ಬಾಯಿಗೆ ಹೋಗುವುದನ್ನು ನಾನು ನೋಡಲಾರೆ. ಅಂದು ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ ಕೂಡ. ತುಮಕೂರಿಗೆ ಮರಳಿ ಹೋಗಿ ಮತ್ತೆ ಬಕೆಟ್ ಹುಡುಕುವುದನ್ನು ನೆನೆದು ಅತ್ತೆ.

ಕಾರ್ತಿಕದ ಚಳಿ ಬಿತ್ತು. ಒಂದು ಮುಂಜಾನೆ ರಾಗಿ ತೆನೆ ನೋಡಲು ಹೊಲಕ್ಕೆ ಇಳಿದವಳು ಅಕ್ಕಡಿ ಸಾಲಿನ ಮುಂದೆ ನಿಂತುಬಿಟ್ಟೆ. ಸೊಂಟದುದ್ದವೂ ಇಲ್ಲದ ಅವರೆ ಗಿಡಗಳ ತುದಿಯಲ್ಲಿ ಮೊಗ್ಗಿನ ಕಡ್ಡಿ ಎದ್ದಿತ್ತು. ನನಗೆ ಏನೋ ಹೊಳೆಯಿತು. ಚಪ್ಪಲಿ ಅಲ್ಲೇ ಬಿಟ್ಟು ಮನೆಯ ಕಡೆ ಓಡಿದೆ. ಏಣಿ ಹಾಕಿ ಶೀಟಿನ ಮೇಲೆ ತಲೆ ಇಣುಕಿದೆ. ಅಲ್ಲಿಯೂ ಮೊಗ್ಗು! ಎಲೆಯ ಸಂದಿ ಸಂದಿಗೂ ಮೊಗ್ಗು! ಭರಣಿಯಲ್ಲಿ ಹುಟ್ಟಿದ್ದೂ ಆಷಾಢದಲ್ಲಿ ಹುಟ್ಟಿದ್ದೂ ಒಂದೇ ವಾರ ಹೂವಿಗೆ ಬಂದಿದ್ದವು. ಅವರೆಗೆ ವಯಸ್ಸಿನ ಲೆಕ್ಕವೇ ಇಲ್ಲ, ಅದು ಚಳಿಗಾಲಕ್ಕೆ ಕಾಯುತ್ತದೆ. ನಾನು ಗೊಬ್ಬರ ಹಾಕಲಿ, ನೀರು ಹಾಕಲಿ, ಅಣ್ಣ ನಗಲಿ, ಅದಕ್ಕೇನು? ಆದರೆ ಸಾಲಿನ ಗಿಡಕ್ಕೆ ನಾಲ್ಕಾರು ಕಡ್ಡಿ, ನನ್ನ ಚಪ್ಪರಕ್ಕೆ ಲೆಕ್ಕವೇ ಇಲ್ಲದಷ್ಟು. ಏಣಿಯ ಮೇಲಿಂದಲೇ "ರೀ!" ಎಂದು ಕೂಗಿದ ಕೂಗಿಗೆ ಗಂಡ ಅರ್ಧ ಶೇವ್ ಮಾಡಿದ ಮುಖದಲ್ಲಿ ಓಡಿ ಬಂದರು. ನಾನು ಬಿದ್ದೆ ಅಂದುಕೊಂಡಿದ್ದರಂತೆ.

ಆಮೇಲೆ ಇಬ್ಬನಿ ಸುರಿಯತೊಡಗಿತು. ಕಾಯಿ ಗೊಂಚಲು ಗೊಂಚಲಾಗಿ ಇಳಿಬಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ಸೊಗಡು ಮೂಗಿಗೆ ಹೊಡೆಯುತ್ತಿತ್ತು. ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ. ಫೋನ್ ಮಾಡಿ, "ಏನ್ ಸಮಾಚಾರ, ಚಪ್ಪರ ಇದೆಯಾ?" ಅಂದರೆ, "ಇದೆ, ನೆರಳಿಗೆ ಚೆನ್ನಾಗಿದೆ" ಅನ್ನುತ್ತಿದ್ದೆ.

ಸಂಕ್ರಾಂತಿಯ ದಿನ ಅಣ್ಣ ಅತ್ತಿಗೆ ಬೈಕಿನಿಂದ ಇಳಿದರು. ಅಣ್ಣನ ಕೈಯಲ್ಲಿ ಒಂದು ಪ್ಯಾಕೆಟ್ ಉಪ್ಪು. "ಅಂಗಡಿದು ಇದೊಂದೇ ಅಲ್ವಾ, ನಾನೇ ತಂದಿದೀನಿ" ಅಂದ. ನಗುತ್ತಾ ತಲೆ ಎತ್ತಿದವನ ನಗು ಅರ್ಧಕ್ಕೇ ನಿಂತಿತು. ಶೀಟಿನ ಅಂಚಿನ ತುಂಬ ಕಾಯಿ ತೂಗುತ್ತಿತ್ತು. ಒಂದು ಕಾಯಿ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಿದ. ಇನ್ನೊಂದು ಕಡೆ ಹೋಗಿ ಅಲ್ಲಿಯದನ್ನೂ ಮೂಸಿದ.

"ಸಂತೆದನ್ನ ದಾರ ಕಟ್ಟಿ ನೇತು ಹಾಕಿದೀನಿ ಅಂತ ನೋಡ್ತಾ ಇದೀಯಾ ಅಣ್ಣ?" ಅಂದೆ. ಅತ್ತಿಗೆ ಸೆರಗು ಬಾಯಿಗಿಟ್ಟು ನಕ್ಕಳು.

ಮುದ್ದೆ ನಮ್ಮ ರಾಗಿಯದು. ಸಾರಿಗೆ ನಮ್ಮ ತೆಂಗಿನಕಾಯಿ, ಹಿತ್ತಲಲ್ಲಿ ಬೆಳೆದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆಹಣ್ಣು, ಗೋಲಿಯಷ್ಟೇ ಗಾತ್ರ ಬೆಳೆದ ಈರುಳ್ಳಿ. ಒಗ್ಗರಣೆಗೆ ನಮ್ಮ ಕೊಬ್ಬರಿ ಎಣ್ಣೆ, ಅಕ್ಕಡಿ ಸಾಲಿನ ಸಾಸಿವೆ. ಮಾತು ಕೇಳುತ್ತಾ ಹಾಲು ಕೊಟ್ಟ ಹಸುವಿನ ಮಜ್ಜಿಗೆ. ಅಣ್ಣ ಒಂದು ಮುದ್ದೆ ನುಂಗಿ ಮುಗಿಸಿ ತಟ್ಟೆ ಮುಂದೆ ತಳ್ಳಿದ. ಎರಡನೆಯದು ಹಾಕಿದೆ. ಮೂರನೆಯದಕ್ಕೆ ಅತ್ತಿಗೆ, "ರೀ, ಬೈಕ್ ಓಡಿಸ್ಬೇಕು ನೀವು" ಅಂದಳು. ಅವನು ಕೇಳಲಿಲ್ಲ. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ. ನನಗೆ ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಗಂಡನ ಎದುರೇ ಅಂದೆ, ಅವರೂ ಒಪ್ಪಿದರು.

ಹೊರಡುವಾಗ ಅತ್ತಿಗೆಗೆ ಕುಂಕುಮ ಕೊಟ್ಟು ಮೊರ ಹಿಡಿದು ಬಂದೆ. ಮಡಿಲು ತುಂಬಲು ಅಕ್ಕಿ ಇರಲಿಲ್ಲ, ನಾನು ಬೆಳೆದಿರಲಿಲ್ಲವಲ್ಲ. ಮೊರದಲ್ಲಿ ಇದ್ದದ್ದು ಅವರೆಕಾಯಿ, ಮೇಲೊಂದು ತೆಂಗಿನಕಾಯಿ. ಅತ್ತಿಗೆ ಹಿಂದೆ ಸರಿದಳು. "ಅಯ್ಯೋ, ಇದೇನಮ್ಮ? ಮಡ್ಲು ತುಂಬಬೇಕಾದೋರು ನಾವು. ನೀನು ಮನೆ ಮಗಳು. ಅಪ್ಪನ ಹೊಲದ್ದನ್ನ ನಿನ್ ಕೈಯಿಂದ ನಾವು ಇಸ್ಕೊಳ್ಳೋದಾ?"

ಅಣ್ಣ ಬೈಕಿನ ಪಕ್ಕ ನಿಂತು ಇನ್ನೂ ಅಂಗೈ ಮೂಸುತ್ತಿದ್ದ. ನಮ್ಮ ಕಡೆ ತಿರುಗಲಿಲ್ಲ, ಶೀಟಿನ ಮೇಲಿನ ಬಳ್ಳಿಯನ್ನೇ ನೋಡುತ್ತಾ ಹೇಳಿದ:

"ಅವಳ ಹೊಲದ್ದು ಕಣೇ. ಒಡ್ಡು ಸೆರಗ."

ಅತ್ತಿಗೆ ಸೆರಗು ಒಡ್ಡಿದಳು. ನಾನು ಮೊರವನ್ನು ಒಮ್ಮೆಲೇ ಸುರಿದೆ, ಕಾಯಿ ಅರ್ಧ ಮಡಿಲಿಗೆ, ಅರ್ಧ ನೆಲಕ್ಕೆ ಬಿದ್ದವು. ಅಣ್ಣ ಬಂದು ಕುಕ್ಕರುಗಾಲಿನಲ್ಲಿ ಕೂತು, ಬಿದ್ದದ್ದನ್ನು ಒಂದೊಂದಾಗಿ ಆರಿಸಿ ಹೆಂಡತಿಯ ಸೆರಗಿಗೆ ಹಾಕಿದ.