ಅಜ್ಜಿ ಮೊಸಳೆ ನೋಡಲು ಹೊರಟದ್ದು

ನಮ್ಮ ಮನೆಯ ಹೆಂಗಸರು ಬರೀ ನೋಡಿ ಬರುವುದಕ್ಕೆಂದು ಊರು ಬಿಟ್ಟು ಹೋದದ್ದು ನನ್ನ ನೆನಪಿನಲ್ಲಿ ಒಂದೇ ಸಲ. ಮದುವೆಗೆ ಹೋಗುತ್ತಿದ್ದರು, ಬಾಣಂತನಕ್ಕೆ ಹೋಗುತ್ತಿದ್ದರು, ಸಾವಿಗೆ ಹೋಗುತ್ತಿದ್ದರು. ಕಣ್ಣಿನ ಖುಷಿಗೆ ಅಂತ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗಿ ಸಂಜೆಗೆ ಮರಳುವುದು ಗಂಡಸರಿಗೆ ಮಾತ್ರ ಸಲ್ಲುವ ಕೆಲಸವಾಗಿತ್ತು. ಆಗ ನನಗೆ ಒಂಬತ್ತು ವರ್ಷ. ನಿಜಾಮರ ಆಳ್ವಿಕೆ. ದೊಡ್ಡ ಯುದ್ಧ ನಡೆಯುತ್ತಿತ್ತು. ಪೆಟ್ರೋಲು ಸಿಗದೆ ಸರ್ವಿಸ್ ಮೋಟಾರು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿತ್ತು.

ಅಪ್ಪನಿಗೆ ಮಸ್ಕಿ ಬಜಾರಿನಲ್ಲಿ ಅರಿವೆ ಅಂಗಡಿ. ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಜೇಬಿನಿಂದ ಗುಲಾಬಿ ಬಣ್ಣದ ಇಷ್ತಿಹಾರು, ಅಂದರೆ ಜಾಹೀರಾತಿನ ಕಾಗದ, ತೆಗೆದು ಹಾಸಿದ. ಉರ್ದುವಿನಲ್ಲಿತ್ತು. ಅಪ್ಪ ಶಾಲೆಯಲ್ಲಿ ಕಲಿತ ಉರ್ದುವಿನ ಬಲದಿಂದ ಒಂದೊಂದೇ ಸಾಲು ಓದಿ ನಮಗೆ ಕನ್ನಡದಲ್ಲಿ ಹೇಳತೊಡಗಿದ. ಲಿಂಗಸುಗೂರಿನ ಹಳೆಯ ದಂಡಿನ ಛಾವಣಿ ಮೈದಾನದಲ್ಲಿ ಸಮುದ್ರದ ಪ್ರಾಣಿಗಳ ತಮಾಷಾ ಬಂದಿದೆ. ಬೆನ್ನ ಮೇಲೆ ಮೂವರು ಕುಳಿತರೂ ನಡೆಯುವ ಆಮೆ, ಬಾಗಿಲಿನಷ್ಟು ಎತ್ತರದ ತಿಮಿಂಗಿಲದ ದವಡೆ, ಗಾಜಿನ ಪೆಟ್ಟಿಗೆಯಲ್ಲಿ ಕುದುರೆ ಮುಖದ ಮೀನು. ಗುರುವಾರ ಜನಾನಾ, ಹೆಂಗಸರು ಮಕ್ಕಳಿಗೆ ಮಾತ್ರ. "ಮತ್ತ, ಜೀವಂತ ಮೊಸಳಿ..." ಎಂದು ಓದಿದವನು ಅಲ್ಲಿಗೇ ನಿಲ್ಲಿಸಿ ಕಾಗದ ಮಡಚಿದ. ಅವ್ವ ಅವನ ಕಡೆ ಕಣ್ಣು ಬಿಟ್ಟು ನೋಡುತ್ತಿದ್ದಳು.

ಮೊಸಳೆ ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಯಾರೂ ಆಡಿರಲಿಲ್ಲ. ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆಯನ್ನು, ಕೃಷ್ಣೆಯ ದಂಡೆಯ ಒಂದು ಊರಿಗೆ ಕೊಟ್ಟಿದ್ದರು. ಒಂದು ಮುಂಜಾನೆ ನೀರಿಗೆ ಹೋದವಳು ತಿರುಗಿ ಬರಲಿಲ್ಲ. ಬಂಡೆಯ ಮೇಲೆ ಕೊಡ ಇತ್ತು, ಮುಳ್ಳಿಗೆ ಸೆರಗಿನ ಚೂರು ಸಿಕ್ಕಿತ್ತು. ಮೊಸಳೆ ಎಳೆದುಕೊಂಡು ಹೋಯಿತು ಎಂದು ಗಂಡನ ಮನೆಯವರು ಬಂದು ಹೇಳಿದರು. ಹೆಣ ಸಿಗಲಿಲ್ಲ. ಮಠದ ಅಯ್ಯನವರು ಬಂದು ಮಾಡಬೇಕಾದದ್ದನ್ನು ಮಾಡಿ ಹೋದರು. ಅಜ್ಜಿ ಅವತ್ತು ಅಳಲಿಲ್ಲ, ಆಮೇಲೂ ಅಳಲಿಲ್ಲ. ಅವಳಿಗೆ ಇದ್ದವಳು ಅದೊಬ್ಬಳೇ ಮಗಳು.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದಳು: "ಯಾಕ ನಿಲ್ಲಿಸಿದಿ? ಜೀವಂತ ಐತೇನು?"

"ಐತಿ ಅಂತ ಬರದಾರವ್ವಾ."

"ನಾ ಹೋಗತೀನಿ."

ಅಜ್ಜಿ ಶೇಂಗಾ ಬುಟ್ಟಿ ಸರಿಸಿ, "ನನ್ನ ಮಗಳನ್ನ ತಿಂದದ್ದು ಎಂಥಾದ್ದು ಅಂತ ಒಮ್ಮೆ ನೋಡಬೇಕು" ಅಂದಳು.

ಆ ರಾತ್ರಿಯ ಊಟದ ಹೊತ್ತಿಗೆ ಅಜ್ಜಿಯ ಹಟ ನಮ್ಮೆಲ್ಲರ ಪ್ರವಾಸವಾಗಿ ಬದಲಾಗಿತ್ತು. ಅವಳನ್ನು ಒಬ್ಬಳನ್ನೇ ಕಳಿಸುವಂತಿಲ್ಲ, ಆದ್ದರಿಂದ ಅವ್ವ ಹೋಗಬೇಕು. ಅವ್ವ ಹೋದರೆ ನಾನು ಬೇಕೇ ಬೇಕು. ಡೇರೆಯೊಳಗೆ ಬಿಡದಿದ್ದರೂ ಜೊತೆಗೆ ಗಂಡಸೊಬ್ಬ ಬೇಕು, ಆದ್ದರಿಂದ ಅಪ್ಪ ಅಂಗಡಿ ಮುಚ್ಚಿ ಬರಬೇಕು. ಮುಂಜಾನೆಯ ಮೋಟಾರಿಗೆ ಹೋಗಿ ಸಂಜೆಯ ಮೋಟಾರಿಗೆ ಮರಳುವುದೆಂದು ನಿಶ್ಚಯವಾಯಿತು. ಅಪ್ಪ ಮೋಟಾರಿನ ಡ್ರೈವರನನ್ನು ಹಿಡಿದು ಮುಂದಿನ ಸೀಟು ಹೇಳಿಟ್ಟು ಬಂದ. ಅವ್ವ ಬುತ್ತಿಯ ವಿಚಾರದಲ್ಲಿ ಮುಳುಗಿದಳು. ಕಡಕ್ ಸಜ್ಜಿರೊಟ್ಟಿ ಇದ್ದರೆ ಕೆಡುವುದಿಲ್ಲ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ, ಸಿಹಿಗೆ ಮೇಲೊಂದಿಷ್ಟು ಮಾದಲಿ. ಅಜ್ಜಿ ಎಂದೂ ಮೋಟಾರು ಹತ್ತಿದವಳಲ್ಲ, ಹೊಟ್ಟೆ ತೊಳಸಿದರೆ ಮೂಸಲು ನಾಲ್ಕು ನಿಂಬೆಹಣ್ಣು. ಹಾದಿಯಲ್ಲಿ ಮೋಟಾರು ನಿಂತುಬಿಟ್ಟರೆ ಏನು? ಹುಡುಗಿ ಬಾಯಾರಿಕೆ ಅಂದರೆ ಏನು? ಅವ್ವ ಕೇಳುತ್ತ ಹೋದಳು, ಅಪ್ಪ ಪ್ರತಿಯೊಂದಕ್ಕೂ "ನೋಡೂಣು" ಅನ್ನುತ್ತ ಹೋದ.

ನಾನು ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಮೊಸಳೆ ಬರೆಯತೊಡಗಿದೆ. ಅದನ್ನು ನಾನೂ ನೋಡಿರಲಿಲ್ಲ; ಹಲ್ಲಿಯನ್ನೇ ದೊಡ್ಡದು ಮಾಡಿ ಹಲ್ಲು ಇಟ್ಟಿದ್ದೆ. ಹಿಂದೆ ಬಂದು ನಿಂತ ಅಜ್ಜಿ ಬಹಳ ಹೊತ್ತು ನೋಡಿದಳು.

"ಹೊಟ್ಟಿ ಇಷ್ಟ ಇರತೈತೇನು?" ಎಂದಳು. "ಒಬ್ಬಾಕಿ ಹೆಣ್ಮಗಳು ಹಿಡಸತಾಳೇನು ಇದರಾಗ?"

ನನ್ನ ಕೈಯಿಂದ ಇದ್ದಿಲು ಬಿದ್ದು ಹೋಯಿತು. ಒಳಗೆ ಅವ್ವ ಅಪ್ಪನಿಗೆ ಪಿಸುದನಿಯಲ್ಲಿ ಹೇಳುತ್ತಿದ್ದಳು: "ಅದನ್ನ ನೋಡಿ ಅತ್ತ್ಯಾರು ಅಲ್ಲೇ ಬಿದ್ದರ ನಾ ಒಬ್ಬಾಕಿ ಹೆಂಗ ಹಿಡೀಲಿ?" ಅಪ್ಪ ಅಂದ: "ಮೂರು ವರ್ಷ ಆತು, ಒಂದು ಹನಿ ಕಣ್ಣೀರು ಹಾಕಿಲ್ಲ. ಅಲ್ಲೆರ ಅತ್ತರ ಅಳಲಿ, ಬಿಡು."

ಗುರುವಾರ ಬಂತು. ಮೋಟಾರಿನ ಹೊಗೆಗೆ ಅಜ್ಜಿ ಹೆದರಲಿಲ್ಲ, ನಿಂಬೆಹಣ್ಣು ಮುಟ್ಟಲಿಲ್ಲ, ಹಾದಿಯುದ್ದಕ್ಕೂ ಮುಂದಿನ ಗಾಜಿನಾಚೆ ನೆಟ್ಟ ಕಣ್ಣು ಕೀಳಲಿಲ್ಲ. ಅವ್ವನೇ ಎರಡು ಸಲ ವಾಂತಿ ಮಾಡಿಕೊಂಡಳು. ಲಿಂಗಸುಗೂರಿನಲ್ಲಿ ಇಳಿದು ಮೈದಾನದವರೆಗೆ ಅಪ್ಪ ಬಂದ. ಡೇರೆಯ ಬಾಗಿಲಿಗೆ ಪರದೆ ಬಿಟ್ಟಿದ್ದರು. "ನಾ ಬಜಾರದಾಗ ಇರತೀನಿ, ಬಿಸಿಲು ಇಳಿಯೂದ್ರಾಗ ಬರ್ರಿ" ಎಂದು ಹೇಳಿ ಹೊರಟುಹೋದ.

ಒಳಗೆ ಹೋದರೆ ಹಸಿ ಮಣ್ಣು, ಉಪ್ಪು, ಮೀನು ಎಲ್ಲ ಕೂಡಿದ ವಾಸನೆ. ಬುರ್ಖಾ ಮೇಲಕ್ಕೆ ಸರಿಸಿದ ಹೆಂಗಸರು, ತಲೆ ತುಂಬ ಸೆರಗು ಹೊದ್ದ ನಮ್ಮಂಥವರು, ಕಂಕುಳ ಕೂಸುಗಳು. ಆಮೆ ನಿಜಕ್ಕೂ ದೊಡ್ಡದಿತ್ತು, ಆದರೆ ನಡೆಯುತ್ತಿರಲಿಲ್ಲ. ತೊಟ್ಟಿಯ ಮೂಲೆಗೆ ಮುಖ ಮಾಡಿ ಸುಮ್ಮನೆ ಉಸಿರಾಡುತ್ತಿತ್ತು. ತಿಮಿಂಗಿಲದ ದವಡೆಯ ಕೆಳಗೆ ನಾವು ಬಾಗಿಲು ದಾಟಿದ ಹಾಗೆ ದಾಟಿದೆವು. ಕುದುರೆ ಮೀನಿನ ಮುಂದೆ ನಾನು ನಿಂತೆ. ಅಜ್ಜಿ ನನ್ನ ಕೈ ಹಿಡಿದು ಎಳೆದಳು. ಅವಳು ಬಂದದ್ದು ಒಂದಕ್ಕೇ.

ಮೊಸಳೆಯನ್ನು ಕೊನೆಯಲ್ಲಿ ಇಟ್ಟಿದ್ದರು. ನೆಲ ತೋಡಿ ತಗಡಿನ ತೊಟ್ಟಿ ಇಳಿಸಿ, ಸುತ್ತ ಎದೆಮಟ್ಟದ ಬೊಂಬಿನ ಬೇಲಿ. ಮೊಸಳೆ ಕೆಸರು ಬಣ್ಣಕ್ಕಿತ್ತು, ನನ್ನ ಗೋಡೆಯ ಮೊಸಳೆಗಿಂತ ಉದ್ದ, ಅದಕ್ಕಿಂತ ಚಪ್ಪಟೆ. ಬಾಯಿ ಅರ್ಧ ತೆರೆದು ಬಿದ್ದಿತ್ತು. ಬೇಲಿಯೊಳಗೆ ಒಬ್ಬ ಹೆಂಗಸು ಕಚ್ಚೆ ಹಾಕಿ ಸೀರೆ ಬಿಗಿದು ಮೀನಿನ ಬುಟ್ಟಿ ಹಿಡಿದು ನಿಂತಿದ್ದಳು, ನಮಗೆ ಬೆನ್ನು ಮಾಡಿ. ಬೇರೆ ದಿನ ಗಂಡಸೊಬ್ಬ ಮಾಡುವ ಕೆಲಸವಂತೆ ಅದು. ಜನಾನಾ ದಿನವೆಂದು ಅವತ್ತು ಅವಳು.

ಅಜ್ಜಿ ಬೊಂಬು ಹಿಡಿದು ಮೊಸಳೆಯನ್ನೇ ನೋಡತೊಡಗಿದಳು. ನಾನೂ ಅದನ್ನೇ ನೋಡುತ್ತಿದ್ದೆ. ಆ ಹೆಂಗಸು ಕೋಲಿನಿಂದ ಅದರ ಮೂತಿ ತಟ್ಟಿದಳು, ಅದು ಬಾಯಿ ಪೂರ್ತಿ ತೆರೆಯಿತು, ಅವಳು ಮೊಣಕೈವರೆಗೆ ಕೈ ಒಳಗಿಟ್ಟು ಮೀನು ಬಿಟ್ಟು ಹೊರಗೆ ತೆಗೆದಳು. ಹೆಂಗಸರೆಲ್ಲ "ಯವ್ವಾ" ಎಂದು ಕೂಗಿ ಮುಂದಕ್ಕೆ ನುಗ್ಗಿದರು.

"ಹುಷಾರ್! ಹಿಂದಕ್ಕ ಸರೀರಿ, ಕೂಸುಗಳನ್ನ ಹಿಡ್ಕೋರಿ" ಎಂದು ಆ ಹೆಂಗಸು ನಮ್ಮ ಕಡೆ ತಿರುಗಿದಳು.

ಅವ್ವನ ಉಗುರು ನನ್ನ ಹೆಗಲಲ್ಲಿ ನಾಟಿದ್ದು ಮೊದಲು ಗೊತ್ತಾಯಿತು. ಅವಳು ಯಾಕೆ ಹಾಗೆ ಹಿಡಿದಳೆಂದು ಕಣ್ಣೆತ್ತಿ ನೋಡಿದೆ. ಬೇಲಿಯೊಳಗೆ ನಿಂತಿದ್ದವಳು ನನ್ನ ಸೋದರತ್ತೆ.

ಮುಖ ಕಪ್ಪಾಗಿತ್ತು, ಮೈ ಗಟ್ಟಿಯಾಗಿತ್ತು, ಹಣೆಯಲ್ಲಿ ವಿಭೂತಿ ಇರಲಿಲ್ಲ. ಆದರೆ ಅವಳೇ. ಅವಳು ಮೊದಲು ನನ್ನನ್ನು ನೋಡಿದಳು, ಗುರುತು ಹತ್ತಲಿಲ್ಲ. ಆಮೇಲೆ ಅವ್ವನನ್ನು. ಆಮೇಲೆ ಅವಳ ಕಣ್ಣು ಅಜ್ಜಿಯ ಮೇಲೆ ಬಂದು ನಿಂತಿತು. ಬುಟ್ಟಿ ಕೈ ಜಾರಿ ಮೀನೆಲ್ಲ ನೀರಿಗೆ ಬಿದ್ದವು, ಮೊಸಳೆ ಬಾಲ ಬಡಿಯಿತು, ನೀರು ನಮ್ಮ ಮುಖಕ್ಕೆ ಸಿಡಿಯಿತು. ಅಜ್ಜಿ ಮುಖ ಒರೆಸಿಕೊಳ್ಳಲಿಲ್ಲ. ನಿಂತಲ್ಲೇ ನೆಲಕ್ಕೆ ಕುಸಿದು ಕುಳಿತಳು.

"ಮುದುಕಿ ಅಂಜ್ಯಾಳ, ನೀರು ತರ್ರಿ" ಎಂದು ಯಾರೋ ಅಂದರು. ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಒಬ್ಬ ವಯಸ್ಸಾದ ಸಾಬರ ಹೆಂಗಸು, ತಮಾಷಾದ ಮಾಲಿಕನ ತಾಯಿಯಂತೆ, ಎದ್ದು ಬಂದು ಅಜ್ಜಿಯ ರಟ್ಟೆ ಹಿಡಿದು ಪರದೆಯ ಹಿಂದೆ ನೆರಳಿಗೆ ಕರೆದೊಯ್ದಳು. ಅವ್ವ, ನಾನು ಹಿಂದೆ ಹೋದೆವು. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಂದಳು. ಕೈ ಇನ್ನೂ ಒದ್ದೆಯಿತ್ತು.

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಸತ್ತೀಯಲ್ಲಬೇ" ಅಂದಳು.

"ಇಲ್ಲವ್ವಾ."

"ಮೊಸಳಿ ಎಳಕೊಂಡು ಹೋಗೇತಿ ಅಂದ್ರು. ಕೊಡ ತಂದು ತೋರಿಸಿದ್ರು."

"ಕೊಡ ನಾನ ಇಟ್ಟಿದ್ನಿ. ಸೆರಗು ಹರಿದು ಮುಳ್ಳಿಗೆ ಸಿಗಿಸಿದಾಕಿನೂ ನಾನ. ಹರಗೋಲು ಹತ್ತಿ ಆಚಿ ದಂಡಿಗೆ ದಾಟಿದ್ನಿ."

ಅಜ್ಜಿ ಎದ್ದು ಅವಳ ಕೆನ್ನೆಗೆ ಹೊಡೆದಳು. ಅಜ್ಜಿ ಯಾರಿಗಾದರೂ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಡೆದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ, ಅದೇ ಕೆನ್ನೆಯ ಮೇಲೆ ಇಟ್ಟುಕೊಂಡು ನಿಂತಳು.

"ಮನಿಗೆ ಬರಬಾರದೇನಬೇ? ನಾವು ಸತ್ತಿದ್ವೇನು?"

"ಬಂದಿದ್ನಲ್ಲವ್ವಾ, ಎರಡು ಸಲ." ಅತ್ತೆಯ ದನಿ ಏರಲಿಲ್ಲ. ಕುಪ್ಪಸದ ತೋಳು ಮೇಲೆ ಸರಿಸಿದಳು. ಭುಜದವರೆಗೆ ಸುಟ್ಟ ಗುರುತುಗಳಿದ್ದವು, ಒಲೆ ಊದುವ ಕೊಳವಿಯ ಬಾಯಿಯಷ್ಟು ದುಂಡಗೆ. "ಇದನ್ನ ಕಣ್ಣಾರೆ ನೋಡಿನೂ ಬುತ್ತಿ ಕಟ್ಟಿ ಹೊಳ್ಳಿ ಕಳಿಸಿದಿ. ಎರಡೂ ಸಲ."

ಆಗ ನನಗೆ ನೆನಪಾಯಿತು. ಒಂದು ಸಲ ಅತ್ತೆ ಹಬ್ಬವಲ್ಲದ ದಿನ ಬಂದು ನನ್ನ ಪಕ್ಕದಲ್ಲೇ ಮಲಗಿದ್ದಳು. ನಾನು ನಿದ್ದೆಯಲ್ಲಿ ಅವಳ ತೋಳಿನ ಮೇಲೆ ಕೈ ಹಾಕಿದಾಗ ಅವಳು ಚೀರಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ ಅವ್ವ ಚೇಳು ಕಡಿದಿದೆ ಅಂದಿದ್ದಳು. ನಾನು ಅವ್ವನ ಮುಖ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಮೊಸಳೆಯ ಬಾಯಿ ನೋಡಿ ಆಗದ ಹೆದರಿಕೆ ಆಗ ಆಯಿತು ನನಗೆ.

"ಮೂರನೇ ಸಲ ಬಂದಿದ್ರ ಏನ ಮಾಡತಿದ್ದಿ?" ಅತ್ತೆ ಕೇಳಿದಳು. "ಸುಳ್ಳು ಹೇಳಬ್ಯಾಡವ್ವ."

ಪರದೆಯ ಆಚೆ ಹೆಂಗಸರು ನಗುತ್ತಿದ್ದರು.

"ಕಳಸತಿದ್ನಿ" ಅಂದಳು ಅಜ್ಜಿ. ಅಂದು ಅಳತೊಡಗಿದಳು. ಮೂರು ವರ್ಷದ್ದೆಲ್ಲ ಒಮ್ಮೆಗೇ ಬಂತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ.

ಅತ್ತೆ ಉಳಿದದ್ದನ್ನು ಚುಟುಕಾಗಿ ಹೇಳಿದಳು. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಕೆಲಸ ಮಾಡಿದ್ದಳು. ಅಲ್ಲಿ ಜ್ವರ ಬಂದು ಬಿದ್ದಾಗ ತಮಾಷಾದವರ ಡೇರೆ ಪಕ್ಕದಲ್ಲೇ ಇತ್ತು, ಮಾಲಿಕನ ತಾಯಿಯಾದ ಈ ಮುದುಕಿ ಗಂಜಿ ಕಾಸಿ ಹಾಕಿದ್ದಳು. ಅವರ ಜೊತೆಗೇ ಹೊರಟಳು. ಅವ್ವ ಮೆಲ್ಲಗೆ ಕೇಳಿದಳು: "ಅದರ ಬಾಯಾಗ ಕೈ ಇಡಾಕ ಅಂಜಿಕಿ ಆಗಲ್ಲೇನು?"

"ಹೊಟ್ಟಿ ತುಂಬಿರತೈತಿ ಯಕ್ಕಾ. ತುಂಬಿದ ಮ್ಯಾಲೆ ಅದು ಯಾರಿಗೂ ಏನೂ ಮಾಡಲ್ಲ" ಅಂದಳು ಅತ್ತೆ.

ಮನೆಗೆ ಬಾ ಎಂದು ಅಜ್ಜಿ ಕರೆದಳು. ಅತ್ತೆ ಬರುವುದಿಲ್ಲ ಅಂದಳು. ಬುತ್ತಿಯ ಗಂಟು ಬಿಚ್ಚದೆ ಹಾಗೇ ಅವಳ ಕೈಗೆ ಕೊಟ್ಟು ನಾವು ಹೊರಬಿದ್ದೆವು. ಬಜಾರಿನಲ್ಲಿ ಅಪ್ಪ ಕಾಯುತ್ತಿದ್ದ. ಅಜ್ಜಿಯ ಕೆಂಪು ಕಣ್ಣು ನೋಡಿ ಅವ್ವನ ಕಡೆ ತಿರುಗಿ, ಅತ್ತಳಲ್ಲ, ಒಳ್ಳೆಯದಾಯಿತು ಅನ್ನುವ ಹಾಗೆ ತಲೆಯಾಡಿಸಿದ. ಮೋಟಾರಿನಲ್ಲಿ ಅವ್ವ ನನ್ನ ಕಿವಿಯಲ್ಲಿ ಒಂದೇ ಮಾತು ಹೇಳಿದಳು: "ಬಾಯಿ ಬಿಟ್ಟೀ ಅಂದ್ರ ಗಂಡನ ಮನಿಯವರು ಆಕಿನ ಕಡದು ಹಾಕತಾರ."

ಮೂರು ದಿನ ಅಜ್ಜಿ ತಡೆದುಕೊಂಡಳು. ನಾಲ್ಕನೆಯ ದಿನ ಅಪ್ಪ ಊಟಕ್ಕೆ ಕುಳಿತಾಗ ಎಲ್ಲವನ್ನೂ ಹೇಳಿದಳು. ಅಪ್ಪ ತುತ್ತು ಕೈಯಲ್ಲಿ ಹಿಡಿದೇ ಕೇಳಿದ. ಕೇಳಿ ಎದ್ದು, ಕೈ ತೊಳೆಯದೆ ಅಂಗಡಿಗೆ ಹೋದ, ಅಲ್ಲಿಂದ ಹಾಗೇ ಲಿಂಗಸುಗೂರಿಗೆ ಹೊರಟ. ಕರೆತರಲು ಹೋಗುತ್ತಾನೋ, ಕೊಲ್ಲಲು ಹೋಗುತ್ತಾನೋ ಗೊತ್ತಾಗದೆ ಅವ್ವ ಬಾಗಿಲಲ್ಲಿ ನಿಂತುಬಿಟ್ಟಳು. ಮರುದಿನ ಇಳಿಹೊತ್ತಿಗೆ ಅವನು ಬಂದ, ಮೈಯೆಲ್ಲ ಧೂಳು. ಲಿಂಗಸುಗೂರಿನಿಂದ ಡೇರೆ ಕಿತ್ತಿದ್ದರಂತೆ. ವಿಚಾರಿಸುತ್ತ ಗುರುಗುಂಟಾದವರೆಗೆ ಹೋಗಿ, ಊರ ಹೊರಗೆ ಬಂಡಿ ಬಿಟ್ಟಿದ್ದ ತಮಾಷಾದವರನ್ನು ಹಿಡಿದಿದ್ದ.

"ಬಾ ಅಂದ್ನಿ. ಒಲ್ಲೆ ಅಂದಳು" ಎಂದ ಅಪ್ಪ. "ಎರಡು ಸೀರಿ ಒಯ್ದಿದ್ನಿ, ಕೊಟ್ಟು ಬಂದ್ನಿ. ಇನ್ನ ಈ ಮಾತು ಈ ಮನಿಯಾಗ ಸಾಕು."

ಆಮೇಲೆ ಕಾಲ ಕೆಟ್ಟಿತು. ನಿಜಾಮರ ಆಳ್ವಿಕೆಯ ಕೊನೆಯ ಗಲಭೆಯಲ್ಲಿ ಹಾದಿಗಳು ಭಯದ ಹಾದಿಗಳಾದವು, ತಮಾಷಾ ಮತ್ತೆ ನಮ್ಮ ಕಡೆ ಬರಲಿಲ್ಲ. ಅತ್ತೆ ಎಲ್ಲಿಗೆ ಹೋದಳು, ಎಷ್ಟು ದಿನ ಬದುಕಿದಳು, ನಮಗೆ ತಿಳಿಯಲಿಲ್ಲ.

ತಿಳಿದದ್ದು ಅಜ್ಜಿಯ ವಿಷಯ. ಮೊಸಳೆ ನೋಡಿ ಬಂದ ಮರುವರ್ಷ ಎದುರು ಮನೆಯ ಮಗಳು ಗಂಡನ ಮನೆಯಿಂದ ತುಟಿ ಒಡೆಸಿಕೊಂಡು ಬಂದಳು. ಹಿರಿಯರು ಕಟ್ಟೆಯ ಮೇಲೆ ಕೂಡಿ, ಸೋಮವಾರ ಒಳ್ಳೆಯ ದಿನ, ಕಳಿಸಿಬಿಡುವುದು ಎಂದು ಮಾತಾಡುತ್ತಿದ್ದರು. ಗಂಡಸರು ಕೂಡಿದಲ್ಲಿಗೆ ಎಂದೂ ಹೋಗದ ಅಜ್ಜಿ ಸೆರಗು ಸರಿಮಾಡಿಕೊಂಡು ಬೀದಿ ದಾಟಿದಳು. ಅಪ್ಪ ತಡೆಯಲು ಎದ್ದವನು ಹಾಗೇ ಕುಳಿತ.

"ಕಳಸಬ್ಯಾಡ್ರಿ" ಅಂದಳು ಅಜ್ಜಿ.

ಅವರಲ್ಲೊಬ್ಬರು ನಕ್ಕು, "ಅದು ನಮ್ಮ ಮನಿ ವಿಚಾರ, ನಿಮಗ್ಯಾಕ ಬೇಕವ್ವಾ?" ಎಂದರು. ಅಜ್ಜಿ ಎದುರು ಮನೆಯ ಹೊಸ್ತಿಲ ಮೇಲೆ ಹೋಗಿ ಕುಳಿತಳು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಆ ಹುಡುಗಿಯನ್ನು ಆ ಸೋಮವಾರ ಕಳಿಸಲಿಲ್ಲ, ಅದರ ಮುಂದಿನ ಸೋಮವಾರವೂ ಕಳಿಸಲಿಲ್ಲ.