ಬದುವಿನಾಚೆಗೂ ಚರಗ

ದೇವರ ಹಿಪ್ಪರಗಿ ದಾಟಿದ ಮೇಲೆ ನಮ್ಮ ಬಸ್ಸು ಕೆಟ್ಟು ನಿಂತಿತು. ಅಂದು ಎಳ್ಳಮಾವಾಸ್ಯೆ. ಪಕ್ಕದ ಜೋಳದ ಹೊಲದಲ್ಲಿ ಭೂಮಿತಾಯಿಗೆ ಊಟದ ಚರಗ ಚೆಲ್ಲುತ್ತಿದ್ದ ಗಂಗವ್ವ ನಮ್ಮನ್ನೆಲ್ಲ ಉಣ್ಣಲು ಕರೆದಳು. ಒಂದು ಮುಷ್ಟಿ ಚರಗವನ್ನು ಬದುವಿನಾಚೆಯ ಹೊಲಕ್ಕೂ ಎರಚಿದಳು. ಆ ಹೊಲದವರೂ ನಮ್ಮ ಪಂಕ್ತಿಯಲ್ಲೇ ಕುಳಿತಿದ್ದರು.

“ಈ ಬದುವಿನ ಸಲುವಾಗಿ ಇವರ ಕೂಡ ಕೋರ್ಟಿನ್ಯಾಗ ಜಗಳ ನಡದೈತ್ರಿ. ಆದ್ರ ಚರಗದ ದಿನ ಕರಿಯೂದು ಬಿಟ್ಟಿಲ್ಲ. ಮಾತಿಗೆ ಒಂದು ದಾರಿ ಇರಬೇಕಲ್ರಿ,” ಎಂದಳು.

ಮೊಬೈಲಿನಲ್ಲಿ ಗಡಿಯ ಸುದ್ದಿ ನೋಡುತ್ತಿದ್ದ ಸಹಪ್ರಯಾಣಿಕ ಶೂರನೊಬ್ಬ, “ದೇಶದ ಮಾತು ಬ್ಯಾರೆ ಬಿಡವ್ವ. ಮಾತುಕತಿ ಸಾಕು, ಗಡಿ ದಾಟಿ ಸೈನ್ಯ ನುಗ್ಗಿಸಬೇಕು,” ಎಂದ.

ಬಡಿಸುತ್ತಿದ್ದ ಗಂಗವ್ವನ ಕೈ ನಿಂತಿತು. “ನನ್ನ ಮಗನೂ ಸೈನ್ಯದಾಗ ಇದ್ದನಪ್ಪಾ.”

ಆಮೇಲೆ ಆ ಶೂರನ ತಾಟಿಗೆ ಇನ್ನೊಂದು ಸಜ್ಜೆ ಕಡಬು ಹಾಕಿದಳು.

“ಉಣ್ಣು. ಅವಗೂ ಸಜ್ಜಿ ಕಡಬು ಭಾಳ ಸೇರ್ತಿತ್ತು.”