ಅಪ್ಪನ ಹೆಸರಿನ ಎರಡು ಬೋರ್ಡು

ಚಳ್ಳಕೆರೆಯ ಮಲ್ಲಿಕ್ ತನ್ನ ಮನೆತನದ ಎಣ್ಣೆ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ದುಡಿದವನು. ಆಸ್ತಿ ಪಾಲಾದಾಗ ಮಿಲ್ಲು ಅಣ್ಣ ಶಶಿಕಾಂತನಿಗೆ ಹೋಯಿತು. ಇವನಿಗೆ ನನ್ನಿವಾಳ ರಸ್ತೆಯ ಖಾಲಿ ಜಾಗ ಬಂತು. ಅಲ್ಲಿ ಶೀಟು ಹೊದಿಸಿ, ಮರದ ಗಾಣ ಕೂರಿಸಿ, ಶೇಂಗಾ ಎಣ್ಣೆ ತೆಗೆಯತೊಡಗಿದ.

ಹೆಸರಿಗೆ ಮಾತ್ರ ಒಂದು ತಿಂಗಳು ಒದ್ದಾಡಿದ. ಹೆಂಡತಿ ಮಂಗಳಗೌರಿ ಮನೆದೇವರ ಹೆಸರಿಡೋಣ ಎಂದಳು. ಪೇಟೆಯಲ್ಲಿ ಆ ಹೆಸರಿನ ಅಂಗಡಿಗಳು ಆಗಲೇ ಆರಿದ್ದವು. ಕೊನೆಗೆ ತೀರಿಕೊಂಡ ಅಪ್ಪನ ಹೆಸರನ್ನೇ ಬರೆಸಿದ: ‘ಮುರುಗೇಂದ್ರಪ್ಪ ಗಾಣದ ಎಣ್ಣೆ’.

ಅಣ್ಣನ ಮಿಲ್ಲಿಗೂ ಅಪ್ಪನದೇ ಹೆಸರು. ತನ್ನ ಗಿರಾಕಿಗಳನ್ನು ಸೆಳೆಯಲೆಂದೇ ತಮ್ಮ ಹೀಗೆ ಮಾಡಿದನೆಂದು ಶಶಿಕಾಂತ ಕುದಿದ. ಹೆಸರು ಬದಲಿಸೆಂದು ಎರಡು ಸಲ ಹೇಳಿಕಳಿಸಿದ. ಮಲ್ಲಿಕ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿ ಆರಂಭದ ಪೂಜೆಯ ದಿನ ಬೆಳಿಗ್ಗೆ ಶಶಿಕಾಂತ ಬೈಕಿನಿಂದ ಇಳಿದವನೇ ಕಬ್ಬಿಣದ ರಾಡಿನಿಂದ ಬೋರ್ಡು ಬಡಿದು ಕೆಡವಿದ. ಎಣ್ಣೆ ಕ್ಯಾನುಗಳನ್ನು ಒದ್ದು ಉರುಳಿಸಿದ. ಅಡ್ಡ ಬಂದ ಮಲ್ಲಿಕನ ಬಲ ಮುಂಗೈಗೆ ಬಿದ್ದ ಏಟಿಗೆ ಮೂಳೆ ಮುರಿದ ಸದ್ದು ಎದುರಿನ ಪಂಕ್ಚರ್ ಅಂಗಡಿಗೂ ಕೇಳಿಸಿತಂತೆ.

“ಅಪ್ಪನ ಹೆಸ್ರು ನಂದು ಕಣಲೇ,” ಎಂದ ಶಶಿಕಾಂತ.

ಮಲ್ಲಿಕ್ ಎಡಗೈಗೆ ಸಿಕ್ಕ ತೂಕದ ಕಲ್ಲನ್ನು ಬೀಸಿದ. ಅಣ್ಣನ ಹುಬ್ಬು ಸೀಳಿ, ರಕ್ತ ಕಣ್ಣಿಗಿಳಿಯಿತು. ಇಬ್ಬರೂ ಚೆಲ್ಲಿದ ಎಣ್ಣೆಯಲ್ಲಿ ಜಾರಿ ಬಿದ್ದು, ಒಬ್ಬರ ಗಂಟಲು ಒಬ್ಬರು ಹಿಸುಕುತ್ತ ಹೊರಳಾಡಿದರು. ಮಲ್ಲಿಕ್ ಎಡಗೈಯಲ್ಲೇ ರಾಡು ಕಿತ್ತುಕೊಂಡು ಎದ್ದ. ಪೂಜೆಗೆ ಬಂದಿದ್ದ ತಾಯಿ ವೀರಮ್ಮ ಬಿಡಿಸಲು ನಡುವೆ ಬಂದದ್ದನ್ನು ಅವನು ನೋಡಲಿಲ್ಲ. ಅಣ್ಣನಿಗೆಂದು ಬೀಸಿದ ಏಟು ಅವಳ ಮುಖಕ್ಕೆ ಬಿತ್ತು.

ವೀರಮ್ಮನ ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಅವಳು ಬಾಯಿ ಬಿಟ್ಟದ್ದು ಒಂಬತ್ತನೇ ದಿನ. ಎಣ್ಣೆಯಲ್ಲಿ ಜಾರಿ ಗಾಣಕ್ಕೆ ಬಡಿದುಕೊಂಡೆ ಎಂದು ಪೊಲೀಸರಿಗೆ ಹೇಳಿದಳು. ಅವರು ಹೋದ ಮೇಲೆ ಇಬ್ಬರು ಮಕ್ಕಳನ್ನೂ ಕರೆಸಿದಳು.

“ನಿಮ್ಮಪ್ಪ ಯಾರ ಮ್ಯಾಲೂ ಕೈ ಎತ್ತಿದೋರಲ್ಲ. ಅವ್ರ ಹೆಸ್ರು ಇಬ್ರೂ ತೆಗೀರಿ.”

ಶಶಿಕಾಂತ ತಲೆ ತಗ್ಗಿಸಿ ಕೇಳಿದ, ಆದರೆ ಮಿಲ್ಲಿನ ಬೋರ್ಡು ತೆಗೆಸಲಿಲ್ಲ. ಮಲ್ಲಿಕ್ ಮತ್ತೆ ಅಂಗಡಿ ತೆರೆಯುವ ಹೊತ್ತಿಗೆ ಜನರೇ ಅದನ್ನು ‘ನನ್ನಿವಾಳ ರಸ್ತೆ ಗಾಣ’ ಎನ್ನತೊಡಗಿದ್ದರು. ಎಲ್ಲಿದೆ, ಏನು ಸಿಗುತ್ತದೆ ಎಂಬುದೆರಡೂ ಅದರಲ್ಲಿತ್ತು. ಹಾಗೇ ಬರೆಸಿದ. ವ್ಯಾಪಾರ ನಡೆಯುತ್ತಿದೆ.

ಅವನ ಕೈ ನೆಟ್ಟಗೆ ಕೂಡಲಿಲ್ಲ. ಗಾಣಕ್ಕೆ ಶೇಂಗಾ ಸುರಿಯುವವಳು ಈಗ ಮಂಗಳಗೌರಿ. ವೀರಮ್ಮ ಇರುವುದು ಅವರ ಜೊತೆಗೇ. ದಿನಾ ಬೆಳಿಗ್ಗೆ ಮಲ್ಲಿಕ್ ಅವಳ ಕಣ್ಣಿನ ಗಾಯ ಒರೆಸಿ ಔಷಧ ಹಾಕುತ್ತಾನೆ. ಅವಳು ಮುಖ ಒಡ್ಡುತ್ತಾಳೆ, ಅವನ ಜೊತೆ ಮಾತಾಡುವುದಿಲ್ಲ.